ಬೋರ್ಡ್ ಕೆಳಗೆ ಒಬ್ಬ ಸಾಲೋದಿಲ್ಲ

ಬಾಸ್ಕೆಟ್‌ಬಾಲ್ ಪಂದ್ಯ, ಮೂರನೇ ಕ್ವಾರ್ಟರ್ ಮುಗಿಯೋಕೆ ಇನ್ನೊಂದು ನಿಮಿಷ ಇತ್ತು. ಎದುರಿನ ತಂಡದವನು ಎಡಗಡೆಯಿಂದ ಎಸೆದ, ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು. ಅವರೇ ಹಿಡಿದರು. ಮತ್ತೆ ಎಸೆದರು, ಮತ್ತೆ ತಪ್ಪಿತು, ಮತ್ತೆ ಅವರೇ ಹಿಡಿದರು. ಮೂರನೇ ಸಲವೂ ಅಷ್ಟೇ. ನಾಲ್ಕನೇ ಸಲ ಒಳಗೆ ಬಿತ್ತು. ಅಷ್ಟೂ ಹೊತ್ತು ನಮ್ಮ ಐದು ಹುಡುಗರು ಎಲ್ಲೂ ಹೋಗಿರಲಿಲ್ಲ, ಬೋರ್ಡ್ ಕೆಳಗೇ ಕತ್ತೆತ್ತಿ ನಿಂತಿದ್ದರು. ಮಾವಿನ ತೋಟದಲ್ಲಿ ಮಕ್ಕಳು ಆಪೂಸ್ ಹಣ್ಣು ಬೀಳಲಿ ಅಂತ ಗಿಡದ ಕೆಳಗೆ ಕಾಯುತ್ತಾರಲ್ಲ, ಹಾಗೆ. ಹಣ್ಣು ಮಾತ್ರ ಪ್ರತಿ ಸಲವೂ ಬೇರೆಯವರ ಕೈಗೆ.

ಆ ಪಂದ್ಯ ಸೋತೆವು. ಸೋಲು ಹೊಸದೇನಲ್ಲ. ಆದರೆ ಒಂದೇ ಸರದಿಯಲ್ಲಿ ನಾಲ್ಕು ಸಲ ಎಸೆಯಲು ಬಿಟ್ಟದ್ದು ಮಾತ್ರ ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ.

ಮೊದಲು ಹೇಳಿಬಿಡುತ್ತೇನೆ, ನಾನು ಕೋಚ್ ಅಲ್ಲ. ಕಾಲೇಜಿನ ದಿನಗಳಲ್ಲಿ ಗಾರ್ಡ್, ಅಂದ್ರೆ ಹೊರಗಿನಿಂದ ಚೆಂಡು ನಡೆಸೋನಾಗಿ ಆಡುತ್ತಿದ್ದೆ, ನನ್ನ ಎತ್ತರ 5 ಅಡಿ 7 ಇಂಚು, ಈಗ ಹೊಟ್ಟೆ ಬಂದಿದೆ. ಧಾರವಾಡದಲ್ಲಿ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಹತ್ತು ಹದಿನೈದು ಹುಡುಗರನ್ನು ಆಡಿಸುತ್ತೇನೆ, ಆಮೇಲೆ ಸ್ನಾನ ಮಾಡಿ ಆಫೀಸಿಗೆ ಹೋಗುತ್ತೇನೆ. ಯಾರೂ ದುಡ್ಡು ಕೊಡೋದಿಲ್ಲ, ನಾನು ಕೇಳೋದೂ ಇಲ್ಲ. ಹುಡುಗರು ಸರ ಅಂತಾರೆ, ಅಷ್ಟು ಸಾಕು.

ಸೋತ ಸಂಜೆ ಎಲ್ಲರೂ ಗಿರ್ಮಿಟ್ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದೆವು. ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಪಾಯಿಂಟ್ ಗಾರ್ಡ್ ಮಿರ್ಚಿಯ ತುದಿ ಮುರಿಯುತ್ತಾ ಹೇಳಿದ: "ಸರ, ಸುಮ್ನ ಹೇಳ್ರಿ. ನಮಗ ಹೈಟ್ ಇಲ್ಲ. ಪ್ರಾಕ್ಟೀಸ್ ಎಷ್ಟ್ ಮಾಡಿದ್ರೂ ಕೈ ಉದ್ದ ಆಗಂಗಿಲ್ಲಲ್ರಿ."

ಇಷ್ಟು ವರ್ಷ ಇಂಥ ಮಾತು ಬಂದಾಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ. ಎತ್ತರ ಮುಖ್ಯ ಅಲ್ಲ, ಮನಸ್ಸು ಮುಖ್ಯ, ಇತ್ಯಾದಿ. ಆವತ್ತು ಬಾಯಿಗೆ ಬರಲಿಲ್ಲ. ಯಾಕಂದ್ರೆ ಅದು ಗಿಡ್ಡಗಿರೋರು ಗಿಡ್ಡಗಿರೋರಿಗೆ ಹೇಳಿಕೊಳ್ಳೋ ಸಮಾಧಾನ. ನಾನೂ ಗಿಡ್ಡ, ಆದ್ದರಿಂದ ನನಗೆ ಅದು ಚೆನ್ನಾಗಿ ಗೊತ್ತು.

ರಿಂಗ್ ಇರೋದು 10 ಅಡಿ ಮೇಲೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಮೊಳೆ ಹೊಡೆದು ಕಟ್ಟಿದಾಗ, ಅಲ್ಲಿನ ವ್ಯಾಯಾಮ ಶಾಲೆಯ ಬಾಲ್ಕನಿಯ ಕಟಕಟೆ ನೆಲದಿಂದ ಅಷ್ಟೇ ಎತ್ತರದಲ್ಲಿತ್ತು, ಅದಕ್ಕೇ 10 ಅಡಿ. ಲೆಕ್ಕ ಹಾಕಿ ಇಟ್ಟದ್ದಲ್ಲ. ಮುಂದೆ ಎತ್ತರದವರು ಬಂದರು, ಆಟಕ್ಕೆ ಗಾಬರಿ ಆಯಿತು. ಜಾರ್ಜ್ ಮೈಕನ್ ಅಂತ 6 ಅಡಿ 10 ಇಂಚಿನ ಕನ್ನಡಕ ಹಾಕಿಕೊಂಡು ಆಡುತ್ತಿದ್ದ ಮನುಷ್ಯ, ಅವನನ್ನು ತಡೆಯೋಕಾಗದೆ 1951ರಲ್ಲಿ ಬೋರ್ಡ್ ಕೆಳಗಿನ ಮೂರು ಸೆಕೆಂಡಿನ ಜಾಗವನ್ನು (ಚೆಂಡು ಇರೋ ತಂಡದವನು ಅಲ್ಲಿ ಅದಕ್ಕಿಂತ ಜಾಸ್ತಿ ನಿಲ್ಲೋ ಹಾಗಿಲ್ಲ) 6 ಅಡಿ ಅಗಲದಿಂದ 12 ಅಡಿಗೆ ಹಿಗ್ಗಿಸಿದರು. ವಿಲ್ಟ್ ಚೇಂಬರ್ಲಿನ್ ಬಂದ, 1964ರಲ್ಲಿ 16 ಅಡಿ ಮಾಡಿದರು. ಗೆರೆ ಸರಿಸಿದರು, ನಿಯಮ ಬದಲಿಸಿದರು, ರಿಂಗನ್ನು ಮಾತ್ರ ಮುಟ್ಟಲಿಲ್ಲ. ಅಂದ್ರೆ ನಾವು ಸುಣ್ಣದಲ್ಲಿ ಎಳೆಯೋ ಆ ಗೆರೆಗಳೇ ಎತ್ತರದವರಿಗೆ ಹೆದರಿ ಬರೆದದ್ದು. ಇಷ್ಟಾದ ಮೇಲೂ ಎತ್ತರ ಮುಖ್ಯ ಅಲ್ಲ ಅಂತ ನಾನು ಹುಡುಗರಿಗೆ ಹೇಗೆ ಹೇಳಲಿ?

ಇನ್ನೊಂದು ವಿಷಯ ಇದೆ, ಮೊಬೈಲಿನಲ್ಲಿ ಅಮೆರಿಕದ ಲೀಗ್ ಎನ್‌ಬಿಎ ನೋಡಿ ಬೆಳೆದ ನಮ್ಮ ಹುಡುಗರಿಗೆ ಇದು ಹೊಳೆಯೋದಿಲ್ಲ. ಅಲ್ಲಿ ಡಿಫೆನ್ಸ್ ಮಾಡುವವನೂ ಯಾರನ್ನೂ ಕಾಯದೆ ಸುಮ್ನೆ ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ. ನಮ್ಮಲ್ಲಿ ನಡೆಯೋದು ಫಿಬಾ, ಅಂದ್ರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮ, ಅದರಲ್ಲಿ ಡಿಫೆನ್ಸ್‌ನವನಿಗೆ ಆ ಕಟ್ಟು ಇಲ್ಲ. ಎತ್ತರದವನೊಬ್ಬ ರಿಂಗ್ ಕೆಳಗೆ ದೇವರ ಗುಡಿ ಮುಂದಿನ ದೀಪದ ಕಂಬದ ಹಾಗೆ ನಿಂತುಬಿಡಬಹುದು, ಇಡೀ ಪಂದ್ಯ. ಚೆಂಡು ರಿಂಗಿಗೆ ಬಡಿದ ಮೇಲೆ ಅದು ರಿಂಗಿನ ಮೇಲೇ ಇದ್ದರೂ ಫಿಬಾದಲ್ಲಿ ತಟ್ಟಿ ತೆಗೆಯಬಹುದು, ಎನ್‌ಬಿಎಯಲ್ಲಿ ಆಗೋದಿಲ್ಲ. ಹಾಗಾಗಿ ಅಮೆರಿಕದವರು ಗಿಡ್ಡ ತಂಡ ಆಡಿಸಿ ಗೆದ್ದರು, ನಾವೂ ಆಡೋಣ ಅಂದ್ರೆ ಲೆಕ್ಕ ಸರಿ ಹೋಗೋದಿಲ್ಲ. ನಮ್ಮ ಆಟದಲ್ಲಿ ಎತ್ತರಕ್ಕೆ ಇನ್ನೂ ಒಂದು ಕೈ ಜಾಸ್ತಿ ಬೆಲೆ.

ಹಾಗಂತ ಅಲ್ಲೂ ಗಿಡ್ಡ ತಂಡ ಯಾವಾಗಲೂ ಗೆದ್ದಿಲ್ಲ. 2015ರಲ್ಲಿ ಗೋಲ್ಡನ್ ಸ್ಟೇಟ್ ತಂಡ 6 ಅಡಿ 6 ಇಂಚಿನ ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್, ಅಂದ್ರೆ ಬೋರ್ಡ್ ಕೆಳಗೆ ಆಡೋ ಎತ್ತರದವನ ಜಾಗಕ್ಕೆ ತಂದು ಗೆದ್ದದ್ದೇ ತಡ, ಊರೂರಲ್ಲೂ ಅದೇ ಮಂತ್ರ ಆಯಿತು. 2020ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ತನ್ನ ಸೆಂಟರ್ ಕ್ಲಿಂಟ್ ಕಪೇಲಾನನ್ನೇ ಕೊಟ್ಟುಬಿಟ್ಟು, 6 ಅಡಿ 5 ಇಂಚಿನ ಪಿ.ಜೆ. ಟಕರ್‌ನನ್ನು ಬೋರ್ಡ್ ಕೆಳಗೆ ನಿಲ್ಲಿಸಿತು. ನನಗೆ ಆಗ ಎಷ್ಟು ಖುಷಿ ಆಗಿತ್ತು ಗೊತ್ತಾ, ನಮ್ಮಂಥೋರ ಕಾಲ ಬಂತು ಅಂತ! ಎರಡನೇ ಸುತ್ತಿನಲ್ಲಿ ಲೇಕರ್ಸ್ ಎದುರು 4-1ರಲ್ಲಿ ಸೋತು ಮನೆಗೆ ಹೋದರು. ಅದರಲ್ಲಿ ತಮಾಷೆ ಅಂದ್ರೆ ಲೇಕರ್ಸ್ ಕೂಡ ಆ ಸರಣಿಯಲ್ಲಿ ತಮ್ಮ ದೊಡ್ಡ ಸೆಂಟರ್‌ಗಳನ್ನು ಬಹುಪಾಲು ಬೆಂಚಿನಲ್ಲೇ ಕೂರಿಸಿತ್ತು. ಆದರೆ ಅವರು 'ಗಿಡ್ಡ' ಆದಾಗ ಸೆಂಟರ್ ಜಾಗಕ್ಕೆ ಬರುತ್ತಿದ್ದವನು ಆಂಥನಿ ಡೇವಿಸ್, 6 ಅಡಿ 10 ಇಂಚು! ಶ್ರೀಮಂತರ ಉಪವಾಸ ಅಂದ್ರೆ ಹೀಗೇ ಇರುತ್ತೆ.

ಸರಿ, ಎತ್ತರ ಬೇಕು ಅಂತ ಒಪ್ಪಿದೆ. ಎಲ್ಲಿಂದ ತರೋದು? 6 ಅಡಿ ದಾಟಿದ ಹುಡುಗ ನಮ್ಮ ಕಡೆ ಸಿಕ್ಕರೂ ಉಳಿಯೋದಿಲ್ಲ. ಒಬ್ಬ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಆಗಿ ಬೆಂಗಳೂರಿಗೆ ಹೋಗುತ್ತಾನೆ, ಇನ್ನೊಬ್ಬನನ್ನು ಅಪ್ಪ ವಾಲಿಬಾಲಿಗೆ ಹಾಕುತ್ತಾನೆ, ಮತ್ತೊಬ್ಬ ರೈಲ್ವೆ ಕ್ರೀಡಾ ಕೋಟಾ ಅಂತ ಕಾಯುತ್ತಾ ಅವರ ತಂಡದ ಕಡೆ ವಾಲುತ್ತಾನೆ. ತಪ್ಪೇನಿಲ್ಲ ಬಿಡಿ, ಅವರ ಹೊಟ್ಟೆಪಾಡು. ಆದರೆ ನಮ್ಮ ಸಿಮೆಂಟ್ ಕೋರ್ಟಿಗೆ ಉಳಿಯೋದು 5 ಅಡಿ 8 ಇಂಚಿನವರು, ತುಂಬಾ ಆದ್ರೆ 5 ಅಡಿ 11.

ಒಂದು ಸಂಜೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ನವನಗರ ದಾಟಿರಬೇಕು. ನಿಂತವರೆಲ್ಲ ಮೇಲಿನ ಪಟ್ಟಿ ಹಿಡಿದು ಜೋಲಾಡುತ್ತಿದ್ದರೆ ಒಬ್ಬ ಮಾತ್ರ ಪಟ್ಟಿ ಬಿಟ್ಟು, ಪಟ್ಟಿ ನೇತುಹಾಕಿದ ಕಬ್ಬಿಣದ ಸರಳನ್ನೇ ಹಿಡಿದಿದ್ದ, ಅದೂ ಮೊಣಕೈ ಮಡಚಿ. ನಾನು ಅವನ ಮುಖಕ್ಕಿಂತ ಮೊದಲು ಆ ಮೊಣಕೈ ನೋಡಿದೆ. ನನ್ನ ಸ್ಟಾಪ್ ಬಂತು, ಇಳಿಯಲಿಲ್ಲ. ಅವನು ಇಳಿದ ಕಡೆ ಇಳಿದೆ. ಹಿಂದಿಂದೆ ಹೋಗಿ "ತಮ್ಮಾ, ಬಾಸ್ಕೆಟ್‌ಬಾಲ್ ಆಡ್ತಿಯೇನು?" ಅಂದೆ. ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಪಾಪ, ಏನಂದುಕೊಂಡನೋ. "ಇಲ್ರಿ, ನಾ ಕಬಡ್ಡಿ ಆಡ್ತೀನ್ರಿ" ಅಂದ.

ನವಲಗುಂದ ಕಡೆಯ ಹಳ್ಳಿಯವನು, ಐಟಿಐ ಓದೋಕೆ ಇಲ್ಲಿ ರೂಮ್ ಮಾಡಿದ್ದ. ಮರುದಿನ ಗೋಡೆಗೆ ನಿಲ್ಲಿಸಿ ಅಳೆದೆವು, 6 ಅಡಿ 4 ಇಂಚು. ನಮ್ಮ ಹುಡುಗರ ಮುಖ ನೋಡಬೇಕಿತ್ತು. ಐದೇ ನಿಮಿಷದಲ್ಲಿ ಅವನಿಗೆ 'ಲೈಟ್ ಕಂಬ' ಅಂತ ಹೆಸರು ಬಿತ್ತು, ಹತ್ತು ನಿಮಿಷದಲ್ಲಿ ಬರೀ 'ಕಂಬ' ಆಯಿತು.

ಎತ್ತರದವನು ಸಿಕ್ಕರೆ ಸಾಕು ಅಂದುಕೊಂಡಿದ್ದ ನನಗೆ ಮೊದಲು ಎದುರಾದದ್ದು ಬೂಟು. ಅವನ ಕಾಲಿಗೆ 13ರ ಸೈಜ್ ಬೇಕು. ಅವನ ಹತ್ತಿರ ಇದ್ದದ್ದು ಹಿಂಬದಿ ಮಡಚಿ ಚಪ್ಪಲಿ ಹಾಗೆ ಮಾಡಿಕೊಂಡ 11ರ ಕ್ಯಾನ್ವಾಸ್. ಒಂದು ಭಾನುವಾರ ಇಬ್ಬರೂ ಹುಬ್ಬಳ್ಳಿಯ ಕೊಪ್ಪಿಕರ ರೋಡ್ ತುಂಬಾ ತಿರುಗಿದೆವು. ಅಂಗಡಿಯವರು ಮೊದಲು ಅವನ ಕಾಲು ನೋಡೋದು, ಆಮೇಲೆ ಮುಖ ನೋಡೋದು, ಆಮೇಲೆ ನಗೋದು. "ಹನ್ನೊಂದರ ಮ್ಯಾಲೆ ಬರೂದಿಲ್ರಿ ಸರ, ಯಾರ್ ತಗೋತಾರ?" ಒಬ್ಬರಂತೂ ಒಳಗೆ ಹೋಗಿ ತಮ್ಮ ಮಗನನ್ನು ಕರೆದುಕೊಂಡು ಬಂದು ಕಾಲು ತೋರಿಸಿದರು. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆವು, ಬಂದದ್ದು ಬಿಗಿ ಆಯಿತು, ವಾಪಸ್ ಕಳಿಸಿದೆವು, ಇನ್ನೊಂದು ಬರೋವರೆಗೆ ಹದಿನೈದು ದಿನ ಅವನು ಬರಿಗಾಲಲ್ಲೇ ಸಿಮೆಂಟಿನ ಮೇಲೆ ಹಾರಿದ. ಹಿಮ್ಮಡಿ ಬಿರಿದು ರಕ್ತ ಬರುತ್ತಿತ್ತು. "ಹೊಲದಾಗ ಹಿಂಗs ಇರ್ತೈತ್ರಿ" ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದ.

ಆಮೇಲೆ ತೂಕ. 67 ಕೆಜಿ. 6 ಅಡಿ 4 ಇಂಚಿಗೆ 67 ಕೆಜಿ ಅಂದ್ರೆ ಜೋಳದ ದಂಟು, ಗಾಳಿ ಬಂದ ಕಡೆ ಬಾಗುತ್ತೆ. ಊರಿಂದ ಅವ್ವ ವಾರಕ್ಕೊಮ್ಮೆ ಬಸ್ಸಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಳಿಸುತ್ತಿದ್ದಳು. ಹುಡುಗ ಆ ಗಂಟು ಬಿಚ್ಚಿದರೆ ಅರ್ಧ ನಮ್ಮ ತಂಡವೇ ಖಾಲಿ ಮಾಡುತ್ತಿತ್ತು. ಎತ್ತರದ ಮೈ ಬೆಳೆಸೋದು ಕಡಿಮೆ ಖರ್ಚಿನ ಕೆಲಸ ಅಲ್ಲ. ಮೊಟ್ಟೆ, ಹಾಲು, ಬಾಳೆಹಣ್ಣು ಅಂತ ತಿಂಗಳಿಗೆ ಎಷ್ಟಾಗುತ್ತೆ ಅಂತ ಕೂತು ಲೆಕ್ಕ ಹಾಕಿದಾಗ ಹಾಸ್ಟೆಲ್ಲಿಗೆ ಹೋಗೋ ಹುಡುಗರ ಮೇಲಿದ್ದ ನನ್ನ ಸಿಟ್ಟು ಪೂರ್ತಿ ಇಳಿಯಿತು.

ಮೊದಲ ಪಂದ್ಯದಲ್ಲಿ ಕಂಬ ಎರಡು ಶಾಟ್ ಬ್ಲಾಕ್ ಮಾಡಿದ. ಅದರಲ್ಲಿ ಒಂದು ಚೆಂಡು ಬೇಲಿ ದಾಟಿ ರಸ್ತೆಗೆ ಹೋಯಿತು. ಎಲ್ಲರೂ ಸಿಳ್ಳೆ. ಎದುರಿನವರು ಹುಷಾರಿದ್ದರು, ಎರಡೇ ನಿಮಿಷದಲ್ಲಿ ಅವನನ್ನು ಓದಿಬಿಟ್ಟರು. ಎಸೆಯೋ ಹಾಗೆ ಕೈ ಎತ್ತೋದು, ಇವನು ಹಾರೋದು, ಅವನ ಕೆಳಗೆ ನುಗ್ಗಿ ಫೌಲ್ ತಗೊಳ್ಳೋದು. ನಮ್ಮ ನಿಯಮದಲ್ಲಿ ಐದೇ ಫೌಲ್. ಎರಡನೇ ಕ್ವಾರ್ಟರ್ ಮುಗಿಯೋದರೊಳಗೆ ನಾಲ್ಕು ಆಗಿತ್ತು. ಮೂರನೇ ಕ್ವಾರ್ಟರ್ ಶುರುವಿನಲ್ಲೇ ಐದು, ಟವೆಲ್ ತಲೆ ಮೇಲೆ ಹಾಕಿಕೊಂಡು ಬೆಂಚಿಗೆ ಬಂದು ಕೂತ. ಅಲ್ಲಿಂದ ಮುಂದೆ ಮತ್ತೆ ಅದೇ ಮಾವಿನ ತೋಪು.

ನಾನು ಎತ್ತರ ತಂದಿರಲಿಲ್ಲ, ಒಬ್ಬ ಎತ್ತರದವನನ್ನು ತಂದಿದ್ದೆ. ಎರಡೂ ಒಂದೇ ಅಂದುಕೊಂಡಿದ್ದೆ. ಅವನ ಮೇಲೆ ಇಡೀ ಮನೆಯ ತೊಲೆ ಇಟ್ಟುಬಿಟ್ಟಿದ್ದೆ, ಕಂಬ ಅಂತ ಹೆಸರಿಟ್ಟ ಹುಡುಗರಿಗೇ ನನಗಿಂತ ಜಾಸ್ತಿ ತಿಳಿದಿತ್ತೇನೋ.

ಇದೇ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ ಅನ್ನೋದು ಸ್ವಲ್ಪ ಸಮಾಧಾನ. ಒಕ್ಲಹಾಮಾ ಸಿಟಿ ತಂಡಕ್ಕೆ ಚೆಟ್ ಹೋಮ್‌ಗ್ರೆನ್ ಇದ್ದ, 7 ಅಡಿ 1 ಇಂಚು, ನಮ್ಮ ಕಂಬನ ಹಾಗೇ ದಂಟಿನ ಮೈ. 2023-24ರಲ್ಲಿ 57 ಪಂದ್ಯ ಗೆದ್ದು ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನ. ಆದರೆ ರೀಬೌಂಡಿನಲ್ಲಿ, ಅಂದ್ರೆ ತಪ್ಪಿ ಬಂದ ಚೆಂಡು ಹಿಡಿಯೋದರಲ್ಲಿ, ಕೊನೆ ಬೆಂಚು. ಎರಡನೇ ಸುತ್ತಿನಲ್ಲಿ ಡಲ್ಲಾಸ್ ಎದುರು 4-2ರಲ್ಲಿ ಸೋತರು. ಡಲ್ಲಾಸಿಗೆ ಡೇನಿಯಲ್ ಗ್ಯಾಫರ್ಡ್, ಡೆರಿಕ್ ಲೈವ್ಲಿ ಅಂತ ಇಬ್ಬರು ಸರದಿ ಮೇಲೆ ಬಂದು ಮೈ ಕೊಟ್ಟು ಆಡುತ್ತಿದ್ದರು, ಒಬ್ಬ ದಣಿದರೆ ಇನ್ನೊಬ್ಬ ತಾಜಾ. ಆ ಬೇಸಿಗೆಯಲ್ಲೇ ಒಕ್ಲಹಾಮಾದವರು ಐಸಾಯಾ ಹಾರ್ಟನ್‌ಸ್ಟೀನ್‌ನನ್ನು ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟು ತಂದರು. ಏಳಡಿ ಎತ್ತರ, ಹೋಮ್‌ಗ್ರೆನ್‌ಗಿಂತ ಚೆನ್ನಾಗಿ ದಪ್ಪ. ಅಷ್ಟೆಲ್ಲ ದುಡ್ಡು ಒಬ್ಬ ಸ್ಕ್ರೀನ್ ಹಾಕೋನಿಗಾ, ಎದುರಾಳಿಗೆ ಅಡ್ಡ ನಿಂತು ಜೊತೆಗಾರನಿಗೆ ದಾರಿ ಮಾಡಿಕೊಡೋನಿಗಾ ಅಂತ ಆಗ ನನಗೂ ಅನ್ನಿಸಿತ್ತು. ನವೆಂಬರಿನಲ್ಲಿ ಹೋಮ್‌ಗ್ರೆನ್ ಸೊಂಟದ ಮೂಳೆ ಮುರಿದುಕೊಂಡು ಕೂತಾಗ ಆ ದುಡ್ಡಿನ ಅರ್ಥ ತಿಳಿಯಿತು. ಆ ಸೀಸನ್ 68 ಪಂದ್ಯ ಗೆದ್ದರು, 2025ರ ಜೂನ್‌ನಲ್ಲಿ ಇಂಡಿಯಾನಾ ಎದುರು ಏಳನೇ ಪಂದ್ಯದಲ್ಲಿ ಕಪ್ ಎತ್ತಿದರು.

ಬರೀ ಎತ್ತರವೇ ಸಾಕಾಗಿದ್ದರೆ ನಮ್ಮ ದೇಶದ ಕತೆಯೇ ಬೇರೆ ಇರುತ್ತಿತ್ತು. ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ಸತ್ನಾಮ್ ಸಿಂಗ್, 7 ಅಡಿ 2 ಇಂಚು, 2015ರಲ್ಲಿ ಡಲ್ಲಾಸ್ ತಂಡ ಅವನನ್ನು ಡ್ರಾಫ್ಟಿನಲ್ಲಿ, ಅಂದ್ರೆ ತಂಡಗಳು ಸರದಿ ಮೇಲೆ ಹೊಸಬರನ್ನು ಆರಿಸೋ ಪಟ್ಟಿಯಲ್ಲಿ, 52ನೆಯವನಾಗಿ ಆರಿಸಿತು. ಭಾರತದಿಂದ ಎನ್‌ಬಿಎ ಡ್ರಾಫ್ಟಿನಲ್ಲಿ ಹೆಸರು ಬಂದ ಮೊದಲಿಗ. ಆದರೆ ಎನ್‌ಬಿಎ ಲೀಗಿನಲ್ಲಿ ಒಂದು ಪಂದ್ಯವೂ ಆಡೋಕೆ ಆಗಲಿಲ್ಲ. ಅಷ್ಟೊತ್ತಿಗೆ ಆಟ ಕಾಲಿನ ವೇಗದ ಕಡೆ ತಿರುಗಿತ್ತು, ದೊಡ್ಡವರೂ ಹೊರಗೆ ಬಂದು ಗಾರ್ಡನ್ನು ಅಟ್ಟಬೇಕಿತ್ತು. ಆತ ಆಮೇಲೆ ಪ್ರೊ ರೆಸ್ಲಿಂಗಿಗೆ ಹೋದ. ಆಡಲಿಲ್ಲ ಅಂತ ಆಡಿಕೊಳ್ಳೋರನ್ನು ಕಂಡರೆ ನನಗೆ ಆಗೋದಿಲ್ಲ, ಅಲ್ಲಿಯವರೆಗೆ ಹೋದದ್ದೇ ದೊಡ್ಡದು.

ಹಾಗಾದ್ರೆ ಬೋರ್ಡ್ ಕೆಳಗೆ ಬೇಕಾಗಿರೋದು ಏನು? ಬಾಕ್ಸ್ ಔಟ್, ಅಂದ್ರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ಚೆಂಡಿನಿಂದ ದೂರ ಇಡೋದು, ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತೆ. ಚೆಂಡು ಎದುರಾಳಿಯ ಕೈ ಬಿಟ್ಟ ತಕ್ಷಣ ಕತ್ತೆತ್ತಬಾರದು. ಮೊದಲು ನಿನ್ನವನು ಎಲ್ಲಿದ್ದಾನೆ ನೋಡು, ಮುಂಗೈ ಅವನ ಎದೆಗೆ ತಾಗಿಸು, ಒಂದು ಕಾಲ ಮೇಲೆ ತಿರುಗಿ ನಿನ್ನ ಬೆನ್ನು ಅವನಿಗೆ ಕೊಡು, ಮೊಣಕಾಲು ಬಗ್ಗಿಸಿ ಅವನ ತೊಡೆ ಮೇಲೆ ಕೂತ ಹಾಗೆ ಕೂರು. ಅವನು ಎಡಕ್ಕೆ ಹೋದರೆ ನಿನ್ನ ಸೊಂಟಕ್ಕೆ ಮೊದಲು ಗೊತ್ತಾಗಬೇಕು. ಆಮೇಲೆ ಮಾತ್ರ ಚೆಂಡು. ಕೆಳಗೆ ಕೂತವನನ್ನು ಎತ್ತೋದು ಕಷ್ಟ, ಗರಡಿಮನಿಯಲ್ಲಿ ನಿಂತು ಹತ್ತು ನಿಮಿಷ ಕುಸ್ತಿ ನೋಡಿದರೂ ಇದು ತಿಳಿಯುತ್ತೆ. 6 ಅಡಿ 7 ಇಂಚಿನ ಡೆನಿಸ್ ರಾಡ್‌ಮನ್ 1992ರಿಂದ 1998ರವರೆಗೆ ಸತತ ಏಳು ಸೀಸನ್ ರೀಬೌಂಡಿನಲ್ಲಿ ಎನ್‌ಬಿಎಗೇ ಮೊದಲಿಗನಾಗಿದ್ದ, ಯಾರ ಚೆಂಡು ಹೇಗೆ ಸುತ್ತುತ್ತೆ, ತಪ್ಪಿದರೆ ಯಾವ ಕಡೆ ಸಿಡಿಯುತ್ತೆ ಅಂತ ಕೂತು ನೋಡಿ ನೋಡಿ ಕಲಿತವನು. ಅವನಿಗಿಂತ ಮೊದಲು ವೆಸ್ ಅನ್ಸೆಲ್ಡ್. ಅವನೂ 6 ಅಡಿ 7 ಇಂಚೇ, ಸೆಂಟರ್‌ಗೆ ಗಿಡ್ಡ, ಆದರೆ 110 ಕೆಜಿ ಮೇಲಿನ ಗೋಡೆ. ಮೊದಲ ಸೀಸನ್ 1968-69ರಲ್ಲೇ ವರ್ಷದ ಹೊಸ ಆಟಗಾರನೂ ಅವನೇ, ಲೀಗಿನ ಶ್ರೇಷ್ಠ ಆಟಗಾರನೂ ಅವನೇ.

ಅನ್ಸೆಲ್ಡ್ ಆಡಿದ ಹಳೆಯ ತುಣುಕುಗಳನ್ನು ಒಂದು ರಾತ್ರಿ ಮೊಬೈಲಿನಲ್ಲಿ ನೋಡುತ್ತಾ ಮಲಗಿದ್ದೆ. ಅಗಲ ಬೆನ್ನು, ದಪ್ಪ ತೊಡೆ, ಓಟ ನಿಧಾನ. ಥಟ್ಟನೆ ಎದ್ದು ಕೂತೆ. ಇಂಥವನೊಬ್ಬ ನಮ್ಮ ಹತ್ತಿರ ಇದ್ದನಲ್ಲ!

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬರುತ್ತಿದ್ದ. 5 ಅಡಿ 10 ಇಂಚು, 90 ಕೆಜಿ. ಅಜ್ಜ ಕುಸ್ತಿ ಆಡಿದವರಂತೆ. ಗೆರೆಯಿಂದ ಗೆರೆಗೆ ಓಡಿಸಿದರೆ ನಾಲ್ಕನೇ ಸುತ್ತಿಗೆ ಕೂತುಬಿಡುತ್ತಿದ್ದ. ನಾನು ದಿನಾ ಬೈಯುತ್ತಿದ್ದೆ, ಎಲ್ಲರ ಮುಂದೆ. ಒಂದು ದಿನ "ಮೊದಲು ಹೊಟ್ಟಿ ಇಳಿಸ್ಕೊಂಡ್ ಬಾ, ಆಮೇಲೆ ಚೆಂಡ್ ಮುಟ್ಟು" ಅಂದೆ. ಹುಡುಗರು ನಕ್ಕರು. ಅವನೂ ನಕ್ಕ. ಮರುದಿನದಿಂದ ಬರಲಿಲ್ಲ. ನಾನು ಕೇಳಲೂ ಇಲ್ಲ. ಸೈಜ್ ಇಲ್ಲ ಸೈಜ್ ಇಲ್ಲ ಅಂತ ಊರೆಲ್ಲ ಹುಡುಕಿದವನು, ಬಸ್ಸಿನಲ್ಲಿ ಗುರುತಿಲ್ಲದವರ ಹಿಂದೆ ಹೋದವನು, ಇದ್ದ ಸೈಜನ್ನು ನಾನೇ ಮನೆಗೆ ಕಳಿಸಿದ್ದೆ. ನನ್ನ ಕಣ್ಣಿಗೆ ಸೈಜ್ ಅಂದ್ರೆ ಮೇಲಕ್ಕೆ ಮಾತ್ರ ಇತ್ತು, ಅಡ್ಡಕ್ಕೆ ಇರಲಿಲ್ಲ.

ಹುಡುಕಿಕೊಂಡು ಹೋದೆ. ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಕೂತಿದ್ದ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ, ಗಿರಣಿ ಸದ್ದಿಗೆ ನಾನು ಹೇಳಿದ್ದು ಅವನಿಗೆ ಕೇಳಲಿಲ್ಲ. ಮೂಲೆಯಲ್ಲಿದ್ದ ಜೋಳದ ಚೀಲವನ್ನು ಬಗ್ಗಿ, ಮೊಣಕಾಲಿಗೆ ಆನಿಸಿ, ಒಂದೇ ಏಟಿಗೆ ಹೆಗಲಿಗೆ ಏರಿಸಿ ತಿರುಗಿದ. ಹಾಗೆ ತಿರುಗಿದಾಗ ಅವನ ಹಿಂದಿದ್ದ ನಾನು ನನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಗೋಡೆ ಕಡೆ ಸರಿದೆ. ಅವನು ನನ್ನನ್ನು ಮುಟ್ಟಿರಲಿಲ್ಲ ಕೂಡ. ಬಾಕ್ಸ್ ಔಟ್ ಅಂದ್ರೆ ಇದೇ ಅಲ್ವಾ!

ಬೆಲ್ಟ್ ನಿಲ್ಲಿಸಿ ಹೊರಗೆ ಬಂದ. "ಏನ್ರಿ ಸರ, ಗೋದಿ ಏನರ ಬೀಸೂದಿತ್ತೇನ್ರಿ?"

"ಇಲ್ಲೋ. ನಿನ್ನ ಕರಿಯಾಕ ಬಂದೇನಿ. ಮತ್ತ ಆಡಾಕ ಬಾ."

ಸ್ವಲ್ಪ ಹೊತ್ತು ಕೈಯ ಹಿಟ್ಟು ಉಜ್ಜುತ್ತಾ ನಿಂತ. "ನನಗ ಓಡಾಕ ಆಗಂಗಿಲ್ಲ ಅಂತ ನೀವs ಹೇಳಿದ್ರಲ್ರಿ."

"ತಪ್ಪ್ ಹೇಳಿದ್ದೆ. ನೀ ಭಾಳ ಓಡೂದು ಬ್ಯಾಡ. ಬೋರ್ಡ್ ಕೆಳಗ ಯಾರನ್ನೂ ಬಿಡಬ್ಯಾಡ, ಅಷ್ಟs."

ಸಣ್ಣವನ ಮುಂದೆ ತಪ್ಪು ಒಪ್ಪಿಕೊಳ್ಳೋದು ನನ್ನ ವಯಸ್ಸಿನವರಿಗೆ ಸುಲಭ ಅಲ್ಲ. ಗಿರಣಿ ಮುಂದೆ ಡಬ್ಬಿ ಹಿಡಿದು ನಿಂತ ಇಬ್ಬರು ಹೆಂಗಸರು ಬೇರೆ ನೋಡುತ್ತಿದ್ದರು. ಅವನು ಗಿರಣಿ ಎಂಟಕ್ಕೆ ತೆಗೀತೀನಿ, ಅದರೊಳಗೆ ಬಿಡೋದಾದ್ರೆ ಬರ್ತೀನಿ ಅಂದ.

ಈಗ ಒಂದೂವರೆ ತಿಂಗಳಾಯಿತು. ಮಳೆ ಹಿಡಿದಿದೆ, ಧಾರವಾಡದ ಜಿಟಿಜಿಟಿ ಗೊತ್ತಲ್ಲ, ನಿಲ್ಲೋದೂ ಇಲ್ಲ, ಜೋರಾಗೋದೂ ಇಲ್ಲ. ಕೋರ್ಟಿನಲ್ಲಿ ಪಾಚಿ, ಕಾಲಿಟ್ಟರೆ ಜಾರುತ್ತೆ. ಹಾಗಾಗಿ ಪಕ್ಕದ ತಗಡಿನ ಶೆಡ್ ಕೆಳಗೆ ಚೆಂಡೇ ಇಲ್ಲದೆ ಬಾಕ್ಸ್ ಔಟ್ ಮಾಡಿಸುತ್ತಿದ್ದೇನೆ. ನಡುವೆ ಒಂದು ಖಾಲಿ ಬಕೆಟ್ ಇಡೋದು, ಗಿರಣಿ ಹುಡುಗ ಅದನ್ನು ಕಾಯೋದು, ಕಂಬ ಅದನ್ನು ಮುಟ್ಟೋದು. ಮೊದಲ ವಾರ ಕಂಬ ಒಂದು ಸಲವೂ ಮುಟ್ಟಲಿಲ್ಲ. 6 ಅಡಿ 4 ಇಂಚಿನ ಹುಡುಗ, ಅಷ್ಟುದ್ದ ಕೈ ಚಾಚಿದರೂ ಆ ಬೆನ್ನು ದಾಟೋಕೆ ಆಗದೆ ಒದ್ದಾಡೋದು ನೋಡಿ ಉಳಿದವರು ಬಿದ್ದು ಬಿದ್ದು ನಕ್ಕರು. ಈಗ ಐದಕ್ಕೆ ಒಂದು ಸಲ ಮುಟ್ಟುತ್ತಾನೆ. ಮೊಣಕಾಲು ಬಗ್ಗಿಸೋಕೆ ಕಲಿತಿದ್ದಾನೆ. ಕಬಡ್ಡಿಯ ಬಗ್ಗಿದ ನಿಲುವು ಮೊದಲೇ ಇತ್ತು, ಎತ್ತರದವನು ಅಂತ ನಾನೇ ಅವನನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಮರೆಸಿದ್ದೆ. ತೂಕ 70 ದಾಟಿದೆ.

ಗಿರಣಿ ಹುಡುಗನ ಬೂಟು ಹಳೆಯದು, ಅಡಿ ಸವೆದು ಜಾರುತ್ತಿತ್ತು. ಸೈಜ್ ಎಷ್ಟು ಅಂತ ಕೇಳಿದೆ, ಸ್ವಲ್ಪ ಹೆದರಿಕೊಂಡೇ.

"ಎಂಟ್ರಿ ಸರ."

ಆವತ್ತು ಸಂಜೆ ಆಫೀಸಿಂದ ಬರುತ್ತಾ ಮೊದಲನೇ ಅಂಗಡಿಯಲ್ಲೇ ಸಿಕ್ಕಿತು.